ಹೊಳಿಯವ್ವನ ಎರಡು ಹೊತ್ತು

ಮೇಡ್ಲೇರಿಯಲ್ಲಿ ನಾನು ಒಂಬತ್ತು ವರ್ಷ ಸರಕಾರಿ ನರ್ಸ್ ಆಗಿದ್ದೆ. ಊರವರೆಲ್ಲ ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದರು. ಎಷ್ಟೋ ಮನೆಗಳಿಗೆ ಹೋಗಿ ಹೀಗೆ ಮಾಡಿರಿ, ಹಾಗೆ ಮಾಡಿರಿ ಎಂದು ಹೇಳಿ ಬಂದಿದ್ದೇನೆ. ಹೊಳಿಯವ್ವನ ಮನೆಯಿಂದ ಮಾತ್ರ ನಾನೇ ಕಲಿತುಕೊಂಡು ಬಂದೆ.

ಹೊಳಿಯವ್ವನದು ಬೀಜದ ಹೊಲದ ಕೆಲಸ. ರಾಣೇಬೆನ್ನೂರು ಸೀಮೆಯಲ್ಲಿ ಹೈಬ್ರಿಡ್ ಬೀಜ ಬೆಳೆಯುವ ಹೊಲಗಳು ಬಹಳ. ನಾಗಪ್ಪನವರ ಹೊಲದಲ್ಲಿ ಆಕೆ ಬೆಂಡಿ ಗಿಡಗಳಿಗೆ ಕ್ರಾಸಿಂಗ್ ಮಾಡುತ್ತಿದ್ದಳು. ಮರುದಿನ ಅರಳುವ ಮೊಗ್ಗನ್ನು ಹಿಂದಿನ ಸಂಜೆಯೇ ಹುಡುಕಿ, ಉಗುರಿನಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನು ತೆಗೆದು ಕಾಗದ ಮುಚ್ಚಬೇಕು. ಬೆಳಿಗ್ಗೆ ಬಂದು ಇನ್ನೊಂದು ಸಾಲಿನ ಹೂವಿನ ಪರಾಗ ಮುಟ್ಟಿಸಿ, ಗುರುತಿಗೆ ಕೆಂಪು ದಾರ ಕಟ್ಟಬೇಕು. ಬಿಸಿಲೇರಿತೋ, ಆ ಹೂವು ಕಾಯಿ ಕಚ್ಚುವುದಿಲ್ಲ. ಈ ಕೆಲಸದಲ್ಲಿ ಹೊಳಿಯವ್ವನಷ್ಟು ಹಗುರ ಕೈ ಆ ಹೊಲದಲ್ಲಿ ಇನ್ನೊಬ್ಬರದಿರಲಿಲ್ಲ.

ಗಂಡ ಮೈಲಪ್ಪ ಬ್ಯಾಡಗಿ ಪೇಟೆಯಲ್ಲಿ ಹಮಾಲ. ಮೆಣಸಿನಕಾಯಿ ಚೀಲವನ್ನು ಹೆಗಲಿಗೇರಿಸಿ ಲಾರಿಯ ಹಲಗೆ ಹತ್ತುವ ಆಳು. ೨೦೦೩ರ ಫೆಬ್ರವರಿಯಲ್ಲಿ, ಸುಗ್ಗಿ ತುಂಬಿದ್ದಾಗ, ಅವನಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು, ಮಾತು ನಿಂತಿತು. ದಾವಣಗೆರೆಯಲ್ಲಿ ಹದಿನೆಂಟು ದಿನ ಇದ್ದು ಮನೆಗೆ ಬಂದಾಗ ಡಾಕ್ಟರು ಹೇಳಿ ಕಳಿಸಿದ್ದು ಇಷ್ಟು: ಗುಳಿಗೆ ತಪ್ಪಿಸಬೇಡಿ, ಮುಂಜಾನೆ ಸಂಜೆ ಕೈಕಾಲು ಆಡಿಸಿ.

ಹೇಳುವುದು ಸುಲಭ. ಆಕೆ ಐದಕ್ಕೆ ಎದ್ದು ನೀರು ತುಂಬಬೇಕು, ರೊಟ್ಟಿ ಬಡಿಯಬೇಕು, ಗಂಡನ ಮೈ ತೊಳೆದು ಉಣಿಸಬೇಕು, ಏಳೂವರೆಗೆ ಹೊಲದಲ್ಲಿರಬೇಕು. ಹಗಲು ಅವನನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಒಂದು ದಿನ ಗುಳಿಗೆ ಸಿಗುತ್ತಿರಲಿಲ್ಲ, ಇನ್ನೊಂದು ದಿನ ಕಟ್ಟಿಗೆ ಹಸಿ ಇರುತ್ತಿತ್ತು. ಮೈಲಪ್ಪನ ಸಿಟ್ಟಂತೂ ಹೇಳತೀರದು. ಬಲಗೈಯಿಂದ ತಾಟು ಎತ್ತಿ ಒಗೆಯುತ್ತಿದ್ದ. ನಾನು ಹೋದ ಒಂದು ಬೆಳಿಗ್ಗೆ ಆಕೆ ಗೋಡೆಗೆ ಬಡಿದ ಪಲ್ಯವನ್ನು ಒರೆಸುತ್ತಿದ್ದಳು. “ಕೈ ಆಡಸಾಕತ್ತೀ ಏನವಾ?” ಎಂದೆ.

“ಯಾವಾಗ ಆಡಸ್ಲಿರಿ ಅಕ್ಕಾರ? ನಂಗ ಉಸಿರಾಡಾಕ ಪುರಸೊತ್ತಿಲ್ಲ,” ಎಂದಳು. ನನ್ನ ಕಡೆ ತಿರುಗಲೂ ಇಲ್ಲ.

ಆ ವಾರವೇ ನಾಗಪ್ಪನವರು ಆಕೆಯನ್ನು ಬದುವಿಗೆ ಕರೆದರು. “ಹೊಳಿಯವ್ವಾ, ನಿನ್ನ ಸಾಲಿನಾಗ ಅರ್ಧಕ್ಕರ್ಧ ಹೂವು ಉದುರ್ಯಾವು. ದಿನಾ ತಡ ಆಗಾಕತ್ತೇತಿ. ನಾಕು ದಿನ ಮನ್ಯಾಗಿದ್ದು ಬರ್ತೀಯೇನು?”

“ಬ್ಯಾಡ್ರಿ ಧಣೇರ. ಈ ಹೊಲಾ ಒಂದ ನಂಗ ಉಳದೈತಿ. ಒಂದ ವಾರ ನೋಡ್ರಿ,” ಎಂದು ಆಕೆ ಸಾಲಿಗೆ ಮರಳಿದಳು.

ಮೊಗ್ಗು ಬಿಡಿಸುತ್ತ ಬಿಡಿಸುತ್ತ ಆಕೆಗೆ ಒಂದು ವಿಚಾರ ಹೊಳೆಯಿತಂತೆ. ಆಕೆಯೇ ನನಗೆ ಹೇಳಿದ್ದು: “ನಾಳೆ ಅರಳೂ ಹೂವಿನ ಕೆಲಸ ಇವತ್ತ ಸಂಜೀಕ ಮಾಡತೇನಿ. ಮುಂಜಾನಿ ಬಂದು ಮೊಗ್ಗ ಹುಡಕಾಕ ಹೋಗೂದಿಲ್ಲ. ಮತ್ತ ಮನಿ ಕೆಲಸಾ ಯಾಕ ಎಲ್ಲಾ ಮುಂಜಾನಿಗೆ ಬಿಟ್ಟೇನಿ ಅಂತ ನನಗ ನಾನ ಕೇಳಿದ್ನಿರಿ.”

ಅಂದು ಸಂಜೆ ಆರಕ್ಕೆ ಮನೆಗೆ ಬಂದವಳು ಮೊದಲು ಕೊಡ ತುಂಬಿಸಿದಳು. ಒಣ ಕಟ್ಟಿಗೆ ಒಲೆಯ ಪಕ್ಕ ಇಟ್ಟಳು. ಹಿಟ್ಟು ಸೋಸಿ ಬುಟ್ಟಿಯಲ್ಲಿ ಹಾಕಿದಳು. ಮುಂಜಾನೆಯ ಗುಳಿಗೆ ಬಟ್ಟಲಲ್ಲಿ, ಗಂಡನ ಧೋತರ ಗೂಟಕ್ಕೆ. ಅರ್ಧ ತಾಸಿನ ಕೆಲಸ. ಆಮೇಲೆ ಮೈಲಪ್ಪನನ್ನು ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿ ತಾನೂ ಕೂತಳು. ಲಕ್ವ ಹೊಡೆದಂದಿನಿಂದ ಆಕೆ ಅವನ ಪಕ್ಕ ಸುಮ್ಮನೆ ಕೂತದ್ದು ಅದೇ ಮೊದಲು. ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಮರುದಿನದ ಕೆಲಸವನ್ನೇ ಹೇಳಿದಳು. “ನಾಳೆ ಮೊದ್ಲ ಮಾರಿ ತೊಳಿತೇನಿ. ಆಮ್ಯಾಲ ಚಾ. ಆಮ್ಯಾಲ ಕೈ ಆಡಸೂಣು. ರೊಟ್ಟಿ ಜೋಡಿ ಕಾಳಪಲ್ಯೆ ಮಾಡ್ಲೋ, ಝುಣಕಾ ಮಾಡ್ಲೋ? ಕಾಳ ಆದ್ರ ಬೆರಳ ಎತ್ರಿ.”

ಮೈಲಪ್ಪ ಬೆರಳು ಎತ್ತಲಿಲ್ಲ. ಝುಣಕಾ ಎಂದಾಗ ಎತ್ತಿದ.

ಮರುದಿನ ತಾಟು ಹಾರಲಿಲ್ಲ. ನನಗೆ ಆಶ್ಚರ್ಯ. ಆಕೆ ಹೇಳಿದಳು: “ಅವರ ಸಿಟ್ಟು ನನ್ನ ಮ್ಯಾಲಲ್ರಿ ಅಕ್ಕಾರ. ಕೇಳಲಾರದ ಮಗ್ಗಲಾ ಹೊಳ್ಳಸ್ತಿದ್ನಿ, ಹೇಳಲಾರದ ನೀರ ಹಾಕ್ತಿದ್ನಿ. ಚೀಲಾ ಹೊತ್ತ ಗಂಡಸು, ತಾನ ಚೀಲ ಆಗಿ ಬಿದ್ದಿದ್ರು.” ಕೈಕಾಲು ಆಡಿಸುವುದನ್ನು ಕಲಿಸಿದ ನನಗೆ ಈ ಮಾತು ಯಾರೂ ಕಲಿಸಿರಲಿಲ್ಲ.

ಹಾಗಂತ ಎಲ್ಲವೂ ನೇರ ಸಾಗಲಿಲ್ಲ. ಆಷಾಢದ ಮಳೆಯಲ್ಲಿ ಮನೆ ಸೋರಿ, ಆಕೆಗೇ ಜ್ವರ ಬಂದು, ಇಪ್ಪತ್ತು ದಿನ ಕಟ್ಟೆಯೂ ಇಲ್ಲ, ಕೈ ಆಡಿಸುವುದೂ ಇಲ್ಲ. ಎಡಗೈ ಮತ್ತೆ ಬಿಗಿಯಿತು. ನಾನು ಬಯ್ಯಲೆಂದೇ ಹೋದೆ. ಆಕೆ ಆಗಲೇ ಹಿಟ್ಟು ಸೋಸುತ್ತಿದ್ದಳು. “ತಪ್ಪಿದ್ದು ತಪ್ಪೇತ್ರಿ. ಇವತ್ತಿನ ಸಂಜಿ ಐತೆಲ್ಲ,” ಎಂದಳು. ನಾನು ಮೈಲಪ್ಪನ ಎಡಗೈ ಹಿಡಿದು ಆಡಿಸತೊಡಗಿದೆ.

ಆ ಹೊತ್ತಿಗೆ ಆಕೆ ಹೊಲದಿಂದ ಕೆಂಪು ದಾರದ ಉಂಡೆ ತರುತ್ತಿದ್ದಳು. ಗೇಣುದ್ದದ ತುಂಡು ಮಾಡಿಕೊಂಡು ಹೋದರೆ ಬೆಳಗಿನ ವೇಳೆ ಉಳಿಯುತ್ತಿತ್ತು. ಒಂದು ಸಂಜೆ ಮೈಲಪ್ಪ ಬಲಗೈ ಚಾಚಿ ಕತ್ತರಿ ಕೇಳಿದ. ಎಡಗೈಯಲ್ಲಿ ದಾರ ಹಿಡಿಯಲು ಹೇಳು ಎಂದು ನಾನು ಸೇರಿಸಿದೆ. ಮೊದಮೊದಲು ದಾರ ಜಾರಿ ಬೀಳುತ್ತಿತ್ತು, ಆಕೆ ಎತ್ತಿ ಮತ್ತೆ ಬೆರಳಲ್ಲಿ ಸಿಕ್ಕಿಸುತ್ತಿದ್ದಳು. ಅವಸರ ಮಾಡಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಒಂದು ಸಂಜೆಗೆ ಐದು ತುಂಡು, ಆಮೇಲೆ ಇಪ್ಪತ್ತು. ದೀಪಾವಳಿಯ ಹೊತ್ತಿಗೆ ಆ ಎಡಗೈಗೆ ದಾರ ಹಿಡಿದು ನಿಲ್ಲುವಷ್ಟು ಬಲ ಬಂತು. ವರ್ಷ ತುಂಬುವಾಗ ಹೊಲದ ಎಲ್ಲ ಹೆಣ್ಣುಮಕ್ಕಳಿಗೂ ದಾರ ಹೋಗುತ್ತಿದ್ದದ್ದು ಮೈಲಪ್ಪನ ಕಟ್ಟೆಯಿಂದಲೇ.

ಮಾತು ಬಂದದ್ದು ಇನ್ನೂ ತಡವಾಗಿ. ಒಂದು ಮುಂಜಾನೆ ಎರಡು ತುತ್ತು ಉಂಡು ಗಂಡ ಸ್ಪಷ್ಟವಾಗಿ “ಉಪ್ಪು” ಎಂದ. ಆಕೆ ಬೇಯುತ್ತಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಗೇ ಬಿಟ್ಟು ಹೊರಗೆ ಓಡಿ ಬಂದು, ಪಕ್ಕದ ಮನೆಯ ರಹಿಮತಬಿಯನ್ನು ಕೂಗಿದಳು. “ಪಲ್ಯಾಕ್ಕ ಉಪ್ಪ ಕಮ್ಮಿ ಆಗೇತಂತ! ನಿಮ್ಮಣ್ಣ ಅಂದ್ರು!” ರೊಟ್ಟಿ ಸೀದುಹೋಯಿತು. ಅಂದು ಹೊಲದಲ್ಲಿ ಎಲ್ಲರಿಗೂ ಅದೇ ಸುದ್ದಿ.

ಉದುರುವ ಹೂವು ಕಡಿಮೆಯಾಗಿ, ೨೦೦೫ರಲ್ಲಿ ನಾಗಪ್ಪನವರು ಹನ್ನೆರಡು ಹೆಣ್ಣುಮಕ್ಕಳ ಸಾಲಿಗೆ ಆಕೆಯನ್ನೇ ಮುಂದಾಳು ಮಾಡಿದರು. ಹೊಸಬರಿಗೆ ಆಕೆ ಕಲಿಸುವ ಮೊದಲ ಪಾಠ ಮೊಗ್ಗಿನದಲ್ಲ. “ಮುಂಜಾನಿ ಹೊಯ್ಕೊಂತ ಬಂದ್ರ ಕೈ ನಡಗತಾವು. ಹಿಂದಿನ ಸಂಜೀಕ ಕಟಗಿ, ನೀರು, ಹಿಟ್ಟು ನೋಡ್ಕೊಂಡು, ಒಂದ ಗಳಿಗಿ ಮನಿಯವರ ಜೋಡಿ ಕುಂದ್ರು,” ಎನ್ನುತ್ತಿದ್ದಳು. ಕೆಲವರು ನಕ್ಕರು. ಹೊಸದಾಗಿ ಸೇರಿದ್ದ ಸುಶೀಲವ್ವನಂಥ ನಾಲ್ಕೈದು ಜನ ಹಾಗೇ ಮಾಡಿದರು.

ಮರುವರ್ಷ ಒಂದು ಶನಿವಾರ ಇಬ್ಬರೂ ಕದರಮಂಡಲಗಿಯ ಆಂಜನೇಯನಿಗೆ ಹೋಗಿ ಬಂದರು. ಬಸ್ಸಿನ ಮೆಟ್ಟಿಲನ್ನು ಮೈಲಪ್ಪ ಕೋಲೂರಿ ತಾನೇ ಹತ್ತಿದನಂತೆ. ಕಂಡಕ್ಟರ್ ಕೈ ಕೊಡಲು ಬಂದಾಗ ಹೊಳಿಯವ್ವ “ಬ್ಯಾಡ್ರಿ, ಸ್ವಲ್ಪ ತಡೀರಿ” ಎಂದು ಇಡೀ ಬಸ್ಸನ್ನು ಕಾಯಿಸಿದಳಂತೆ.

ನನಗೆ ಮೋಟೆಬೆನ್ನೂರಿಗೆ ವರ್ಗವಾಯಿತು. ೨೦೦೯ರಲ್ಲಿ ಒಂದು ಸಂಜೆ ಅವರನ್ನು ನೋಡಲು ಹೋದೆ. ಇಬ್ಬರೂ ಕಟ್ಟೆಯ ಮೇಲಿದ್ದರು. ನಮ್ಮ ಕಡೆ ಯಾರಾದರೂ ಬಂದರೆ ಹೆಣ್ಣುಮಕ್ಕಳು ತಟ್ಟನೆ ಎದ್ದು ಚಹಾಕ್ಕಿಡುವುದು ರೂಢಿ. ಹೊಳಿಯವ್ವ ಏಳಲಿಲ್ಲ. ಸರಿದು ಜಾಗ ಮಾಡಿ ನಕ್ಕಳು.

“ಬರ್ರಿ ಅಕ್ಕಾರ, ಕುಂದ್ರಿ. ಇದು ನಮ್ಮ ಹೊತ್ತು. ಚಾ ಆಮ್ಯಾಲ ಕುಡಿಯೂಣು.”

ನಾನು ಕೂತೆ. ನಾಳೆ ಯಾವ ಸಾಲು ಮುಗಿಯಬೇಕು, ಯಾರ ಮನೆಯ ಎಮ್ಮೆ ಈಯಿತು, ಪಲ್ಯ ಯಾವುದು ಎಂದು ಆಕೆ ಹೇಳುತ್ತಿದ್ದಳು. ಮೈಲಪ್ಪ ತೊದಲುತ್ತ ಒಂದೊಂದು ಮಾತಿಗೆ ಅಡ್ಡ ಬರುತ್ತಿದ್ದ. ಚಹಾ ಬರಲು ಅರ್ಧ ತಾಸು ಹಿಡಿಯಿತು.