ಬಗ್ಗಿದರೂ ಸಡಿಲಾಗದ ಬೆನ್ನು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲಿಗ. ರಜೆ ಬಂದಾಗಲೆಲ್ಲ ಕಲಬುರಗಿಯ ಧಾನ್ಯದ ಪೇಟೆ ಗಂಜಿನಲ್ಲಿ ತೊಗರಿ ಚೀಲ ಹೊತ್ತು ಫಿಸಿಯೋಥೆರಪಿ ಓದಿದೆ. ಒಂದು ದಿನವೂ ಸೊಂಟ ಹಿಡಿಯಲಿಲ್ಲ. ಆ ಸೊಕ್ಕು ಪದವಿಯ ಜೊತೆಗೇ ಬಂದಿತ್ತು.

ತೊಂಬತ್ತರ ದಶಕದ ನಡುವೆ, ನಾನು ಕೆಲಸಕ್ಕಿದ್ದ ಖಾಸಗಿ ದವಾಖಾನೆಗೆ ಕಮಲಾಪುರದ ನಮ್ಮ ಓಣಿಯ ಹಮಾಲನೊಬ್ಬ ಬಂದ. ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ಗಂಜಿನಲ್ಲಿ ನನ್ನ ಮೊದಲ ಚೀಲವನ್ನು ಬೆನ್ನಿಗೆ ಸರಿಯಾಗಿ ಕೂರಿಸಿಕೊಟ್ಟವನೂ ಅವನೇ. ಎರಡು ವರ್ಷದಿಂದ ಸೊಂಟನೋವು. ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗಿತ್ತು. ಹಮಾಲರ ಮೇಲಿನ ಮುಕದ್ದಮನೂ ಜೊತೆಗೆ ಬಂದಿದ್ದ. ನೋವು ಖರೆ ಎಂದು ನಾನು ಬರೆದುಕೊಟ್ಟರೆ ಚೀಲದ ಬಾಯಿ ಹೊಲಿಯುವ ಕೆಲಸ ಕೊಡುತ್ತೇನೆ ಎಂದಿದ್ದ. ಕುಳಿತು ಮಾಡುವ ಕೆಲಸ.

ಅಂಗಿ ಬಿಚ್ಚಿಸಿ ಬಗ್ಗು ಎಂದೆ. ಪೂರ್ತಿ ಬಗ್ಗಿದಾಗ ಬೆನ್ನೆಲುಬಿನ ಎರಡೂ ಮಗ್ಗುಲಿನ ಸ್ನಾಯು ಕೆಲಸ ಬಿಟ್ಟು ಮೆತ್ತಗಾಗಬೇಕು, ಹಾಗೆಂದು ಓದಿದ್ದೆ. ಅವನದು ನನ್ನ ಬೆರಳಡಿ ಹಗ್ಗದ ಹಾಗೆ ಬಿಗಿದೇ ಇತ್ತು.

“ಸಡಿಲ ಬಿಡು.”

“ಬಿಟ್ಟೀನ್ರೀ ಸಾಹೇಬ್ರ.”

“ಬಿಟ್ಟಿಲ್ಲ. ಬೇಕಂತ ಬಿಗಿ ಹಿಡ್ಕೊಂಡಿ.”

“ಬೇಕಂತ ಹಿಡ್ಯೋದು ನನಗ ಬರಂಗಿಲ್ರೀ. ಚೀಲ ಹಿಡ್ಯೋದು ಬರ್ತದ.”

ಮುಕದ್ದಮ ನಕ್ಕ. ನನ್ನನ್ನೇ ನೋಡಿ ನಕ್ಕಂತಾಯಿತು.

“ನಾನೂ ಹೊತ್ತೀನಿ ಚೀಲ. ನನ್ನ ಸೊಂಟಕ್ಕ ಏನಾಗ್ಯದ?” ಎಂದವನೇ ಮುಕದ್ದಮನ ಕಡೆ ತಿರುಗಿದೆ. “ಮೈಗಳ್ಳ ಅದಾನ. ಕೆಲಸಕ್ಕ ಹಚ್ರಿ.” ಚೀಟಿಯಲ್ಲೂ ಬರೆದೆ: ದುಡಿಯಲು ಅಡ್ಡಿಯಿಲ್ಲ.

ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, “ಸಂಜಿಗಿ ಊರಿಗಿ ಹೊಂಟೀನಿ. ನಿಮ್ಮವ್ವಗ ಏನರ ಹೇಳೋದದ ಏನ್ರೀ?” ಎಂದು ಕೇಳಿದ. ಏನೂ ಇಲ್ಲ ಎಂದೆ.

ನಾಲ್ಕೈದು ವರ್ಷದ ಮೇಲೆ ಹೈದರಾಬಾದಿನ ತರಬೇತಿಯೊಂದರಲ್ಲಿ, ಸ್ನಾಯುವಿನ ಕೆಲಸವನ್ನು ಗೆರೆಯಾಗಿ ತೋರಿಸುವ ಯಂತ್ರ ನೋಡಿದೆ. ನೋವಿಲ್ಲದವನು ಪೂರ್ತಿ ಬಗ್ಗಿದರೆ ಗೆರೆ ಸಪಾಟಾಗುತ್ತಿತ್ತು. ಹಳೇ ಸೊಂಟನೋವಿನ ಹೆಂಗಸೊಬ್ಬಳು ಬಗ್ಗಿದಾಗ ಅದು ಕುಣಿಯುತ್ತಲೇ ಇತ್ತು. “ಇದು ಇವರ ಕೈಯಲ್ಲಿಲ್ಲ. ನೋವಿಗೆ ಅಂಜಿ ಬೆನ್ನು ತಾನೇ ಬಿಗಿದುಕೊಳ್ಳುತ್ತದೆ. ಬಹಳ ಮಂದಿಯಲ್ಲಿ ಹೀಗೇ,” ಎಂದರು ಕಲಿಸುವವರು.

ಮುಂದಿನ ಭಾನುವಾರ ಕಮಲಾಪುರಕ್ಕೆ ಹೋದೆ, ತಪ್ಪು ಒಪ್ಪಿಕೊಳ್ಳಬೇಕೆಂದೇ. ಅವನು ಕಟ್ಟೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದ. ನನ್ನ ಚೀಟಿಯ ನಂತರ ಒಂದು ವರ್ಷ ಚೀಲ ಹೊತ್ತು, ಆಮೇಲೆ ಏಳಲಾಗದೆ ಊರು ಸೇರಿದ್ದ. ಬಾಳೆತೋಟದ ಕೂಲಿ ಮಾಡಿ ಹೆಂಡತಿಯೇ ಮನೆ ನಡೆಸುತ್ತಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ: “ಸಾಹೇಬ್ರ, ಈಕಿ ಮುಂದ ಒಂದ್ ಮಾತ ಹೇಳ್ರಿ. ಅವತ್ತ ನನ್ನ ನೋವು ಖರೆ ಇತ್ತೋ ಇಲ್ಲೋ?”

ಹೆಂಡತಿ ಚಹಾ ಹಿಡಿದು ನಿಂತಿದ್ದಳು. ಡಾಕ್ಟರು ಬಂದಾರೆಂದು ಓಣಿಯ ನಾಲ್ಕು ಜನ ಸೇರಿದ್ದರು. ಅವರ ನಡುವೆ ನಮ್ಮವ್ವ, ಮಗನನ್ನು ಕಣ್ತುಂಬ ನೋಡುತ್ತ.

“ಅವತ್ತ ಏನೂ ಇದ್ದಿಲ್ಲ,” ಎಂದೆ. “ನೋವು ಆಮ್ಯಾಲ ಬಂದದ.”

“ಕೇಳಿದೇನು? ಇಷ್ಟ ವರ್ಷ ನಾನೂ ಅದೇ ಅಂದೀನಿ,” ಎಂದು ಹೆಂಡತಿ ಅವನಿಗೆ ಅಂದಳು. “ಇನ್ನರ ಬಾಯಿ ಮುಚ್ಚು.”

ಅವನು ಕಷ್ಟಪಟ್ಟು ಗೋಡೆಯ ಕಡೆ ಹೊರಳಿದ. ಅವಳು ಕೊಟ್ಟ ಚಹಾ ನಾನು ಕುಡಿದೆ.