ಮುಳುಗಿದ ಎಂಬ ಒಂದು ಮಾತು

ನಮ್ಮ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನ ಎನ್ನುವುದು ಪುಸ್ತಕದ ಮಾತು. ನಾವು ಆಡುವ ಮಾತು ಮುಳುಗುವುದು. "ಸೊಸೆ ಮುಳುಗಿದ್ಲಾ?" ಎಂದು ಕೇಳಿದರೆ, "ಇನ್ನೂ ಇಲ್ಲ, ಡಿಸೆಂಬರ್‌ಗೆ ಮುಳುಗ್ತಾಳೆ" ಎಂದು ಉತ್ತರ ಬರುತ್ತದೆ. ನೀರಿನಲ್ಲಿ ಪೂರ್ತಿ ಮುಳುಗಿ ಏಳದೆ, ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡು ಬಂದವರನ್ನು ನಾವು ಬ್ಯಾಪ್ಟಿಸ್ಟರು ಅರ್ಧಂಬರ್ಧ ಎಂದೇ ತಿಳಿಯುವವರು. ಚಿನ್ನದ ಗಣಿಯ ಕೂಲಿಗಳಿದ್ದ ಕೋರಮಂಡಲ್ ಲೈನುಗಳಲ್ಲಿ ಹಾಗೆ ಮೊಟ್ಟಮೊದಲು ಮುಳುಗಿ ಉಪದೇಶಿಯಾದವನು ನನ್ನ ಮುತ್ತಾತ, ಅಂದರೆ ಅಮ್ಮನ ತಾತ. ಗಣಿ ಕೂಲಿಗೆಂದು ಹಳ್ಳಿಯಿಂದ ಬಂದಿದ್ದವನು.

ಅವನ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಮಗ ಮುಳುಗಿದ ಸುದ್ದಿ ಊರು ಮುಟ್ಟಿತು. ಅಪ್ಪ ಒಂದು ದಿನ ಬಂದು, ಲೈನಿನ ತುದಿಯಲ್ಲಿ ನಿಂತು ಮಗನನ್ನು ನೋಡಿ, ಮಾತಾಡದೆ ಹೊರಟುಹೋದ. ಆಮೇಲೆ ಹೆತ್ತ ತಾಯಿಯೇ ಬದುಕಿರುವ ಮಗನ ತಿಥಿ ಮಾಡಿಸಿದಳೆಂದು ತಿಳಿಯಿತು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕರ್ತನಿಗಾಗಿ ತಾಯಿಯನ್ನೂ ಬಿಟ್ಟ ಎಂದು ಮುಗಿಸುತ್ತಿದ್ದೆ, ಕೊಂಚ ಜಂಬದಿಂದಲೇ.

ಹಾಸಿಗೆ ಹಿಡಿದ ಮೇಲೆ ಅಮ್ಮನದು ಒಂದೇ ಹಟ. "ಎತ್ತೋಳು ಯಾಕಂಗ್ ಮಾಡಿದ್ಲು? ಆ ಮನೇಲಿ ಯಾರಾದ್ರೂ ಇರ್ತಾರೆ. ಓಗಿ ಕೇಳ್ಕೊಂಡ್ ಬಾ."

ನಾನು ರೇಗಿದೆ. ಸತ್ತವರ ಮಾತನ್ನು ಯಾರನ್ನು ಹೋಗಿ ಕೇಳುವುದು? ಆದರೂ ಸಭೆಯ ಹಳೆಯ ದಾಖಲೆ ಪುಸ್ತಕ ತೆಗೆಸಿದೆ. ಗೆದ್ದಲು ತಿಂದು ಉಳಿದ ಹಾಳೆಯಲ್ಲಿ ಮುತ್ತಾತನ ಹೆಸರು, ಅದರ ಮುಂದೆ ಅವನ ಊರು. ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿ. ಬಸ್ಸಿನಲ್ಲಿ ಅರ್ಧ ಗಂಟೆ. ಸಣ್ಣಪುಟ್ಟದಕ್ಕೆಲ್ಲ ಬಂಗಾರಪೇಟೆಗೆ ಓಡುವ ನಾನು ಈ ದಿಕ್ಕಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಊರಿನಲ್ಲಿ ಮುತ್ತಾತನ ತಮ್ಮನ ಮನೆ ಸಿಕ್ಕಿತು. ಆ ಮನೆಯ ಹಿರಿಯ ಸೊಸೆ, ಹಲ್ಲಿಲ್ಲದ ಮುದುಕಿ, ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಈ ಮನೆಯಿಂದ ಗಣಿಗೆ ಬಂದವನ ಮರಿಮೊಮ್ಮಗಳು ನಾನು ಎಂದೆ. ಅವಳು ನಕ್ಕಳು.

"ಅವ್ನಿಗೆಲ್ಲಿ ಮಕ್ಳು ಮರಿ ಬಂದ್ವಮ್ಮ? ಮದ್ವೆಗೆ ಮುಂಚೇನೇ ನೀರ್‌ಗೆ ಓದ್ನಲ್ಲ."

"ನೀರಿಗೆ?"

"ಊಂ ಕಣಮ್ಮ, ನಮ್ಮತ್ತೆ ಏಳ್ತಿದ್ಲು. ಗಣಿ ತಾವ ಕೆರೇಲಿ ಮುಳುಗ್ದ ಅಂತ ಯಾರೋ ಬಂದ್ ಏಳುದ್ರಂತೆ. ಅವ್ರಪ್ಪ ಓಗಿ ನೋಡ್ಕೊಂಡ್ ಬಂದು, ಊಂ, ಮುಳುಗವ್ನೆ ಅಂದ್ನಂತೆ. ಅಷ್ಟೇ. ಎಣ ಎಲ್ಲಿ, ಎಣ ಎಲ್ಲಿ ಅಂತ ಅವ್ವ ಕೇಳಿ ಕೇಳಿ ಸೋತೋದ್ಲಂತೆ."

ಆ ಅಪ್ಪ ಸುಳ್ಳು ಹೇಳಿರಲಿಲ್ಲ. ಲೈನಿನವರು ಆಡುವ ಮಾತನ್ನೇ ಆಡಿದ್ದ. ಮಗ ಕಣ್ಣೆದುರು ಜೀವಂತ ನಿಂತಿದ್ದನೆಂಬುದನ್ನು ಮಾತ್ರ ನುಂಗಿಕೊಂಡಿದ್ದ. ಊರಲ್ಲಿ ತಲೆ ಎತ್ತಿ ತಿರುಗಲು ಅವನಿಗೆ ಅಷ್ಟು ಸಾಕಾಯಿತು. ಎದುರಿಗಿದ್ದಿದ್ದರೆ ಮುತ್ತಾತನ ಅಪ್ಪ ಎಂದೂ ನೋಡದೆ ಬೈದುಬಿಡುತ್ತಿದ್ದೆ.

ತಾಯಿ ಆಮೇಲೆ ಕೆರೆಯ ಮೀನು ಮುಟ್ಟಲಿಲ್ಲವಂತೆ. ಪಿತೃಪಕ್ಷದಲ್ಲಿ ಮಿಕ್ಕ ಹಿರಿಯರಿಗೆ ಒಳಗೆ ಎಡೆ, ಈ ಮಗನಿಗೆ ಮಾತ್ರ ಕೆರೆ ಏರಿಯ ಮೇಲೆ ಬೇರೆ ಎಲೆ. ಮುದ್ದೆ, ಹುರುಳಿ ಸಾರು. ಕಂದ ಹಸಿದಿರುತ್ತಾನೆ ಎಂದು ಕತ್ತಲಾಗುವ ತನಕ ಅಲ್ಲೇ ಕೂತಿರುತ್ತಿದ್ದಳಂತೆ. "ಈಗ್ಲೂ ಇಡ್ತೀವಿ, ಬುಟ್ಟಿಲ್ಲ" ಎಂದಳು ಮುದುಕಿ.

ನಮ್ಮಲ್ಲಿ ಮುಳುಗುವುದೆಂದರೆ ಏನೆಂದು ಬಿಡಿಸಿ ಹೇಳಿದೆ. ಅವನು ಮದುವೆಯಾದ, ಊರೂರು ಸುತ್ತಿ ಉಪದೇಶ ಮಾಡಿದ, ಮೊಮ್ಮಕ್ಕಳನ್ನು ಕಂಡ ಎಂದೆ. ಮುದುಕಿ ಕ್ಯಾನು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳೂ ಆ ತಾಯಿಯ ಮುಖ ಕಂಡವಳಲ್ಲ.

ಬಸ್ಸಿನಲ್ಲಿ ಬರುವಾಗ ಅಳು ಬಂದರೂ, ಅಮ್ಮನಿಗೆ ಇದರಿಂದ ಸಮಾಧಾನವಾದೀತು ಅಂದುಕೊಂಡಿದ್ದೆ. ಹೆತ್ತವಳು ಮಗನನ್ನು ಬೇಡ ಅಂದಿರಲಿಲ್ಲವಲ್ಲ. ಮಂಚದ ಪಕ್ಕ ಕೂತು ಒಂದೂ ಬಿಡದೆ ಹೇಳಿದೆ.

"ಆವಮ್ಮಂಗೆ ಗೊತ್ತೇ ಇರ್ಲಿಲ್ವಾ?" ಎಂದಳು ಅಮ್ಮ.

"ಸಾಯೋವರ್ಗೂ ಇಲ್ಲಮ್ಮ."

ಅಮ್ಮ ಗೋಡೆಯ ಕಡೆ ಹೊರಳಿದಳು. ನಿದ್ದೆ ಬಂತೇನೋ ಎಂದು ನಾನು ಏಳುವುದರಲ್ಲಿದ್ದೆ.

"ತಾತ ಸಾಯೋವಾಗ ನಂಗೆ ಅದಿನಾರು. ನಾನೇ ಪಕ್ದಾಗಿದ್ದೆ. ಅವ್ವಾ, ಅವ್ವಾ ಅಂತ ಒಂದೇ ಸಮ ಕರೀತಿದ್ದ. ನಂಗೆ ಕ್ವಾಪ ಬಂತು. ನಿನ್ನ ಬ್ಯಾಡ ಅಂದೋಳ್ನ ಯಾಕ್ ಕರೀತೀಯ ತಾತ, ಯೇಸಯ್ಯನ್ನ ಕರಿ ಅಂದೆ. ಸುಮ್ಕಾಗ್ಬುಟ್ಟ ಕಣೆ. ಆಮೇಲೆ ಯಾರ್ನೂ ಕರೀಲಿಲ್ಲ."