ಹೆಬ್ಬೆರಳಿನ ಕಡೆ

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಾನು ಹೊಡೆದಾಟದ ವಿದ್ಯೆ ಹುಡುಕಿಕೊಂಡು ಚನ್ನಪಟ್ಟಣ, ರಾಮನಗರ ಎಲ್ಲ ಅಲೆದೆ. ಊರನ್ನೆಲ್ಲ ಹೊಡೆದು ಹಾಕುವ ಆಸೆ ನನಗಿರಲಿಲ್ಲ. ಒಬ್ಬ ಮನುಷ್ಯನ ಹಿಡಿತದಿಂದ ನನ್ನ ಮಣಿಕಟ್ಟು ಬಿಡಿಸಿಕೊಳ್ಳುವಷ್ಟು ಬಂದರೆ ಸಾಕಾಗಿತ್ತು. ಆ ಮನುಷ್ಯ ನಮ್ಮವ್ವನ ಒಡಹುಟ್ಟಿದ ತಮ್ಮ.

ನಮ್ಮದು ಅಕ್ಕೂರಿನ ಕಡೆ, ರೇಷ್ಮೆಹುಳು ಸಾಕುವ ಮನೆ. ಅಜ್ಜಿ ತೀರಿಕೊಂಡ ಮೇಲೆ ಮಾವ ಮಾಗಡಿ ಕಡೆಯ ತನ್ನ ಊರಿನ ಮನೆಗೆ ಬೀಗ ಹಾಕಿ ನಮ್ಮಲ್ಲೇ ಬಂದು ನೆಲೆಸಿದ್ದ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ನಾನು ದೊಡ್ಡವಳಾದಾಗ ತೆಂಗಿನ ಗರಿ ಕಡಿದು ತಂದು ನನ್ನನ್ನು ಕೂರಿಸಲು ಗುಡ್ಲು ಹಾಕಿದ್ದು ಅವನೇ. ನಮ್ಮ ಕಡೆ ಅದು ಸೋದರಮಾವನ ಕೆಲಸ. ಗುಡ್ಲು ಹಾಕಿದವನಿಗೇ ಹುಡುಗಿ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಅವತ್ತಿನಿಂದ ಮನೆಗೆ ಬಂದ ನೆಂಟರೆಲ್ಲ ಅವನ ಕಡೆ ಕಣ್ಣು ಹೊಡೆದು ನನ್ನನ್ನು ರೇಗಿಸುತ್ತಿದ್ದರು. ನಾನೂ ಮುಖ ಮುಚ್ಚಿಕೊಂಡು ಓಡುತ್ತಿದ್ದೆ. ನಾನು ಅದನ್ನು ತಮಾಷೆ ಅಂದುಕೊಂಡೇ ಬೆಳೆದೆ. ಅವನು ಹಾಗೆ ಅಂದುಕೊಂಡಿರಲಿಲ್ಲ.

ಹಿಪ್ಪುನೇರಳೆಯನ್ನು ನಾವು ಮರದ ಹಾಗೆ ಬೆಳೆಸುತ್ತೇವೆ. ಸೊಪ್ಪು ತಲೆಯ ಮೇಲೆ ಕೂಡಿಕೊಂಡು, ಸಾಲಿನೊಳಗೆ ಹೋದವರು ಹೊರಗಿನವರಿಗೆ ಕಾಣುವುದೇ ಇಲ್ಲ. ಕಾಲೇಜಿಗೆ ಹೊರಡುವ ಮೊದಲು ಒಂದು ಹೊರೆ ಸೊಪ್ಪು ಕಡಿದುಕೊಡುವುದು ನನ್ನ ಪಾಲಿನ ಕೆಲಸ. ಒಂದು ಬೆಳಿಗ್ಗೆ ಅವನು ಸಾಲಿನ ಆ ತುದಿಯಿಂದ ಬಂದು ನನ್ನ ಎಡಗೈ ಹಿಡಿದುಕೊಂಡ.

“ಬುಡಿಸ್ಕೊಂಡೋಗಮ್ಮಿ, ನೋಡಣ,” ಅಂದ.

ಎಳೆದೆ, ಬರಲಿಲ್ಲ. ನಕ್ಕೆ, ಬಿಡಲಿಲ್ಲ. ಬಯ್ದೆ, ಆಗಲೂ ಬಿಡಲಿಲ್ಲ. ತನಗೆ ಸಾಕೆನಿಸಿದಾಗ ಬಿಟ್ಟು, ಕುಡುಗೋಲು ತೆಗೆದುಕೊಂಡು ತಣ್ಣಗೆ ಸೊಪ್ಪು ಕಡಿಯಲು ನಿಂತ. ವಾರಕ್ಕೊಂದು ಸಲ, ಆಮೇಲೆ ಎರಡು ಸಲ ಹೀಗಾಯಿತು. ಹಿಡಿತದ ಗುರುತು ಕಾಣದಿರಲಿ ಎಂದು ನಾನು ಬಳೆ ಹೆಚ್ಚು ಹಾಕಿಕೊಳ್ಳತೊಡಗಿದೆ. ಒಂದು ದಿನ ಕಿವಿಯ ಹತ್ತಿರ ಬಾಯಿ ತಂದು, “ಪರೀಕ್ಸೆ ಎಲ್ಲಾ ಮುಗುದೋಗ್ಲಿ. ಆಮ್ಯಾಕೆ ನಾನ್ ಬುಡದೇ ಇಲ್ಲ,” ಅಂದ. ಅವತ್ತು ಕಾಲೇಜಿನಲ್ಲಿ ಪಾಠ ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ಈಗ ಕೇಳುವವರಿದ್ದಾರೆ. ಹೇಳಿದ್ದರೆ ಅಪ್ಪ ಕಾಲೇಜು ಬಿಡಿಸಿ ಅವನ ಜೊತೆ ಮದುವೆಯನ್ನು ಮುಂದಿನ ತಿಂಗಳಿಗೇ ಇಟ್ಟುಬಿಡುತ್ತಿದ್ದ. ಅಪ್ಪನಿಗೆ ಅವನ ಮೇಲೆ ಅಷ್ಟು ಪ್ರೀತಿ. ಅದಕ್ಕೇ, ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಎಂದು ಸುಳ್ಳು ಹೇಳಿ, ಭಾನುವಾರಗಳಲ್ಲಿ ವಿದ್ಯೆ ನೋಡಲು ಹೊರಟೆ.

ಮೊದಲು ನೋಡಿದ್ದು ಚನ್ನಪಟ್ಟಣದ ಕರಾಟೆ. ಒಂದು ಶಾಲೆಯ ಅಂಗಳದಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಗಾಳಿಗೆ ಗುದ್ದುತ್ತಿದ್ದವು. ನೋಡಲು ಚೆನ್ನಾಗಿತ್ತು. ಆದರೆ ಅಲ್ಲಿ ಎದುರಾಳಿ ಯಾವಾಗಲೂ ಎರಡು ಹೆಜ್ಜೆ ಆಚೆ ನಿಂತಿರುತ್ತಿದ್ದ, ತಲೆಬಾಗಿ ನಮಸ್ಕಾರ ಬೇರೆ ಮಾಡುತ್ತಿದ್ದ. ನನ್ನವನು ಅಷ್ಟು ದೂರದಲ್ಲಿ ಇರುತ್ತಿರಲಿಲ್ಲ. ಇನ್ನೊಂದು ಕಡೆ ಟೇಕ್ವಾಂಡೋ ಇತ್ತು. ಅದರಲ್ಲಿ ಕಾಲೇ ಎಲ್ಲ. ಸೊಪ್ಪಿನ ಸಾಲಿನ ನಡುವೆ ಕಾಲು ಎತ್ತಲು ಜಾಗವೆಲ್ಲಿದೆ?

ರಾಮನಗರದ ಒಂದು ಹಳೆಯ ಗರಡಿಗೂ ಹೋದೆ. ಮಾವ ಕುಸ್ತಿ ಕಲಿತವನು, ಅದಕ್ಕೆ ಕುಸ್ತಿಯೇ ಮದ್ದಿರಬಹುದು ಎಂದು ನನ್ನ ಲೆಕ್ಕ. ಗರಡಿಯೊಳಕ್ಕೆ ಹೆಂಗಸರು ಕಾಲಿಡುವಂತಿಲ್ಲ. ಬಾಗಿಲಲ್ಲೇ ನಿಂತೆ. ಕೆಮ್ಮಣ್ಣು ಹದ ಮಾಡುತ್ತಿದ್ದ ವಯಸ್ಸಾದ ಉಸ್ತಾದರು ಹೊರಗೆ ಬಂದು ಕೈ ಒರೆಸಿಕೊಂಡರು.

“ಯಾರ್ಗವ್ವ ಹೊಡೀಬೇಕು?” ಅಂದರು.

“ಯಾರ್ಗೂ ಇಲ್ಲ. ಸುಮ್ನೆ ಕಲಿಯೋಣಾಂತ.”

“ಸುಮ್ನೆ ಯಾರೂ ಇಲ್ಲಿಗಂಟ ಬರಾಕಿಲ್ಲ. ಹೊರ್ಗಿನೋನೋ, ಮನೆಯೋನೋ?”

ನಾನು ನೆಲ ನೋಡಿದೆ. ಅವರಿಗೆ ಅಷ್ಟೇ ಸಾಕಾಯಿತು. ಆಮೇಲೆ, “ಹೊರ್ಗಿನೋನಾದ್ರೆ ಹೊಡಿಯೋದ್ ಕಲ್ತ್ಕೋ. ಮನೆಯೋನಾದ್ರೆ ಮೊದ್ಲು ಬಾಯ್ಬುಟ್ಟು ಹೇಳು,” ಎಂದು ಒಳಗೆ ಹೋದರು. ನನಗೆ ಸಿಟ್ಟು ಬಂತು. ವಿದ್ಯೆ ಕೇಳಲು ಹೋದವಳಿಗೆ ಬುದ್ಧಿ ಹೇಳಿ ಕಳಿಸಿದ್ದರು.

ಕೊನೆಗೆ ಆರಿಸಿಕೊಂಡಿದ್ದು ಜೂಡೋ. ರಾಮನಗರದಲ್ಲೇ ಒಂದು ಮಹಡಿಯ ಮೇಲೆ ಚಾಪೆ ಹಾಸಿ ಮೇಡಂ ಒಬ್ಬರು ಕಲಿಸುತ್ತಿದ್ದರು. ಅಲ್ಲಿ ಆಟ ಶುರುವಾಗುವುದೇ ಒಬ್ಬರನ್ನೊಬ್ಬರು ಹಿಡಿದುಕೊಂಡ ಮೇಲೆ. ಅದನ್ನು ನೋಡಿದ ಕೂಡಲೇ ಇದೇ ನನ್ನದು ಅನಿಸಿತು. ಮಣಿಕಟ್ಟು ಬಿಡಿಸಿಕೊಳ್ಳುವುದು ಹೇಗೆ ಎಂದು ಎರಡನೇ ವಾರವೇ ಕೇಳಿದೆ. ಮೇಡಂ ನನ್ನ ಬಳೆಗಳನ್ನು ಒಮ್ಮೆ ನೋಡಿ, ಯಾಕೆ ಎಂದು ಕೇಳದೆ ತೋರಿಸಿಕೊಟ್ಟರು. ಹಿಡಿದ ಕೈಯಲ್ಲಿ ನಾಲ್ಕು ಬೆರಳು ಒಂದು ಕಡೆ ಇರುತ್ತವೆ, ಹೆಬ್ಬೆರಳು ಒಂಟಿ. ನಾಲ್ಕರ ಕಡೆ ಎಳೆದರೆ ದಿನವಿಡೀ ಎಳೆಯುತ್ತಿರಬೇಕು. ಹೆಬ್ಬೆರಳಿನ ಕಡೆ ತಿರುಗಿಸಿ ಮೊಣಕೈ ಮಡಚಿದರೆ ಕೈ ಜಾರಿ ಬರುತ್ತದೆ. ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಬಲಗೈಯಿಂದ ನನ್ನದೇ ಎಡಗೈ ಹಿಡಿದು ಬಿಡಿಸಿಕೊಳ್ಳುತ್ತಾ ಬಂದೆ. ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳು. ನನಗೆ ಎಷ್ಟೋ ತಿಂಗಳ ಮೇಲೆ ಖುಷಿಯಾಗಿತ್ತು.

ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬಂದಿದ್ದ ನಮ್ಮೂರಿನವರೊಬ್ಬರು ಆ ಮಹಡಿ ಮೆಟ್ಟಿಲ ಮೇಲೆ ನನ್ನನ್ನು ಜೂಡೋ ಬಟ್ಟೆಯಲ್ಲಿ ನೋಡಿ ಅಪ್ಪನಿಗೆ ಹೇಳಿದರು. ಬೆನ್ನು ಮುರಿಯುವಂತೆ ಬಡಿಯುತ್ತಾನೆ ಎಂದುಕೊಂಡೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಲ್ಲ ಕಣ್ಮಗ, ಮನೇಲೇ ಪೈಲ್ವಾನ ಅವ್ನೆ, ಕಂಡೋರ ಮಹಡಿ ಹತ್ತಕ್ಕೋಗಿದ್ಯಲ್ಲ! ಏ ಬಾಮೈದ, ಇವ್ಳಿಗೆ ಒಸಿ ಹೇಳ್ಕೊಡ್ಲಾ.”

ಮಾವ ನನ್ನ ಮುಖವನ್ನೇ ನೋಡುತ್ತಿದ್ದ. “ಅದ್ಕೇನು ಬಾವ, ಹೇಳ್ಕೊಡನ,” ಅಂದ.

ಅಲ್ಲಿಗೆ ನಾನು ಆರಿಸಿಕೊಂಡಿದ್ದ ಜೂಡೋ ಮುಗಿಯಿತು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪಾಠ. ಅಪ್ಪ ಜಗಲಿ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ, ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಮಾವ ನನ್ನ ಮಣಿಕಟ್ಟು ಹಿಡಿದು, ಹೇಗೆ ತಿರುಗಿಸಬೇಕೆಂದು ಎಲ್ಲರಿಗೂ ಕೇಳುವಂತೆ ಹೇಳಿಕೊಟ್ಟ. ಅವನು ತೋರಿಸಿದ್ದು ನಾಲ್ಕು ಬೆರಳಿನ ಕಡೆಗೆ.

ನಾನು ಅವನು ಹೇಳಿದಂತೆ ತಿರುಗಿಸಿದೆ. ಅವನು ಬೇಕೆಂದೇ ಬಿಟ್ಟ. ಅಪ್ಪ ಚಪ್ಪಾಳೆ ತಟ್ಟಿದ. ಇನ್ನೊಂದು ಸಲವೂ ಹಾಗೇ ಆಯಿತು. ವರ್ಷಗಟ್ಟಲೆ ಕುಸ್ತಿ ಮಾಡಿದವನಿಗೆ ಕೈ ಎತ್ತ ಕಡೆ ಬಿಡುತ್ತದೆಂದು ಗೊತ್ತಿಲ್ಲದೆ ಇರುತ್ತದೆಯೇ? ಬಿಡಿಸಿಕೊಳ್ಳಲು ಆಗದ ದಾರಿಯನ್ನು ಅವನು ನನಗೆ ಅಭ್ಯಾಸ ಮಾಡಿಸುತ್ತಿದ್ದ, ಅದೂ ಅಪ್ಪ ಅವ್ವನ ಎದುರಿಗೇ. ನನಗೆ ಕೋಪ ಬಂತು. ಮೂರನೇ ಸಲ ಹಿಡಿದಾಗ ಹೆಬ್ಬೆರಳಿನ ಕಡೆ ತಿರುಗಿಸಿ ಒಂದೇ ಏಟಿಗೆ ಕೈ ಕಿತ್ತುಕೊಂಡೆ.

ಅಪ್ಪ “ಭಲೇ!” ಅಂದ. ಮಾವನೂ ನಕ್ಕ. ಆದರೆ ಅವನು ತನ್ನ ಖಾಲಿ ಅಂಗೈಯನ್ನು ಒಂದು ಗಳಿಗೆ ನೋಡಿಕೊಂಡಿದ್ದನ್ನು ನಾನು ನೋಡಿದೆ. ಆ ಕೋಪವನ್ನು ನುಂಗಿಕೊಂಡು ಇದ್ದಿದ್ದರೆ ಎಂದು ಇವತ್ತಿಗೂ ನನ್ನನ್ನು ನಾನೇ ಬಯ್ದುಕೊಳ್ಳುತ್ತೇನೆ. ನನ್ನ ಹತ್ತಿರ ಇದ್ದಿದ್ದು ಅದೊಂದೇ ಪಟ್ಟು. ಅದನ್ನು ಚಪ್ಪಾಳೆಗೆ ತೋರಿಸಿಬಿಟ್ಟೆ.

ಎರಡು ದಿನದ ಮೇಲೆ ಸೊಪ್ಪಿನ ಸಾಲಿನಲ್ಲಿ ಅವನು ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದ. ಆ ಹಿಡಿತಕ್ಕೆ ಯಾವ ಕಡೆಯೂ ಇರಲಿಲ್ಲ. ಎರಡು ಬಳೆ ಒಡೆದು ಕೈಗೆ ಚುಚ್ಚಿದವು. ಅವನು ಬಿಟ್ಟ ಮೇಲೆ ನಾನು ಸೊಪ್ಪು ಅಲ್ಲೇ ಹಾಕಿ ನೇರ ಹುಳದ ಮನೆಗೆ ಓಡಿದೆ.

ಅವ್ವ ಹುಳಕ್ಕೆ ಸೊಪ್ಪು ಹರಡುತ್ತಿದ್ದಳು. ಬಾಯಿಬಿಟ್ಟು ಎಲ್ಲ ಹೇಳಿದೆ. ರಕ್ತ ಬಂದ ಕೈಯನ್ನೂ ತೋರಿಸಿದೆ. ಅವಳು ಕೈ ನಿಲ್ಲಿಸಲಿಲ್ಲ. ಹುಳುಗಳು ಸೊಪ್ಪು ಮೇಯುವ ಸದ್ದು ಮನೆ ತುಂಬ ಸಣ್ಣ ಮಳೆಯಂತೆ ಕೇಳುತ್ತಿತ್ತು.

“ಗೊತ್ತು ಕಣವ್ವ,” ಅಂದಳು. “ನಿನ್ ಬಳೆ ನೋಡ್ದಾಗ್ಲೇ ಗೊತ್ತಾಯ್ತು. ಅವ್ನು ಮೊದ್ಲಿಂದ್ಲೂ ಮೊಂಡ. ಮದ್ವೆ ಆದ್ಮೇಲೆ ಸರೋಯ್ತಾನೆ. ನಿಮ್ಮಪ್ಪನ್ ಕಿವೀಗ್ ಹಾಕ್ಬ್ಯಾಡ.”

ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಮಾವನ ಮೇಲೂ ಬಂದಿರಲಿಲ್ಲ. ಅವ್ವನನ್ನು ನಾನು ತುಂಬ ಪ್ರೀತಿಸುತ್ತಿದ್ದೆ, ಅದಕ್ಕೇ ಇರಬೇಕು. ಅಲ್ಲಿಂದಾಚೆಗೆ ಒಬ್ಬಳೇ ತೋಟಕ್ಕೆ ಕಾಲಿಡಲಿಲ್ಲ. ಅಪ್ಪನ ಬೆನ್ನಿಗೆ ಅಂಟಿಕೊಂಡೇ ಓಡಾಡುತ್ತಾ ಆ ವರ್ಷವನ್ನೂ ಕೊನೆಯ ವರ್ಷವನ್ನೂ ತಳ್ಳಿದೆ. ಕೊನೆಯ ಪರೀಕ್ಷೆ ಬರೆದ ದಿನ ಮನೆಗೆ ವಾಪಸ್ಸು ಹೋಗಲಿಲ್ಲ. ಗೆಳತಿಯೊಬ್ಬಳ ಜೊತೆ ಹಾರೋಹಳ್ಳಿಗೆ ಹೋಗಿ, ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ಹುಡುಗಿಯರ ಪೀಜಿಯಲ್ಲಿ ರೂಮು ಸಿಕ್ಕಿತು. ಅಪ್ಪ ಎರಡು ತಿಂಗಳು ಮಾತು ಬಿಟ್ಟ. ಅವ್ವ ಮಾತ್ರ ಪ್ರತಿ ಭಾನುವಾರ ಫೋನ್ ಮಾಡಿ ಅಳುತ್ತಿದ್ದಳು. ಅಳು ಕೇಳಲಾರದೆ ಒಂದು ದಿನ ಅವಳೊಬ್ಬಳಿಗೆ ಪೀಜಿಯ ಬೀದಿ, ಬಾಗಿಲ ಬಣ್ಣ, ಎಷ್ಟನೇ ಮಹಡಿ ಎಂದೆಲ್ಲ ಹೇಳಿದೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದೆ.

ಹಾಗೆ ಹೇಳಿದ ಮೇಲೆ ಬಂದ ಮೂರನೇ ಭಾನುವಾರ ಬೆಳಿಗ್ಗೆ, ರೂಮಿನವರೆಲ್ಲ ಊರಿಗೆ ಹೋಗಿದ್ದರು. ನಾನು ಯೂನಿಫಾರ್ಮ್ ಒಗೆದು ಹರವುತ್ತಿದ್ದಾಗ ಅವ್ವನ ಫೋನು ಬಂತು. ದನಿಯಲ್ಲಿ ಅಳು ಇರಲಿಲ್ಲ. ಹುಳ ಹಣ್ಣಾಗಿ ನೂಲು ಬಿಡುವ ಹಂತಕ್ಕೆ ಬಂದಿದ್ದು, ಈ ಸಲ ಗೂಡು ಚೆನ್ನಾಗಿ ಬರುವಂತಿರುವುದು ಎಲ್ಲ ಹೇಳಿದಳು. ಆಮೇಲೆ, “ನಿನ್ ಮಾವ ಬೆಳಿಗ್ಗೇನೇ ಗಾಡಿ ತಕೊಂಡ್ ಹೊಂಟ ಕಣವ್ವ. ನೀನ್ ಎಲ್ಲಿದ್ದೀಯಾಂತ ಕೇಳ್ದ, ಹೇಳ್ದೆ,” ಅಂದಳು.

“ಆಣೆ ಮಾಡಿದ್ದೆಯಲ್ಲವ್ವ!”

“ಬ್ಯಾರೆಯೋರ್ಗ್ ಹೇಳ್ದ್ನಾ? ಒಬ್ಳೇ ಅವ್ಳಲ್ಲಾಂತ ದಿನಾ ಜೀವ ಹೊಡ್ಕೊಳ್ತಿತ್ತು ಮಗ. ಇನ್ನೇನ್ ಭಯ ಇಲ್ಲ, ಅವ್ನೇ ಬತ್ತಾವ್ನೆ.”

ಹೊರಟು ಎಷ್ಟು ಹೊತ್ತಾಯಿತು ಎಂದು ಕೇಳಿದೆ. ತಡಿ ನೋಡ್ತೀನಿ ಎಂದು ಅವ್ವ ಗಡಿಯಾರ ನೋಡಲು ಒಳಗೆ ಹೋದಳು.